ನಲವತ್ತರಲ್ಲಿ ಎಂ.ಕಾಂ.: ಪದವಿಗೆ ಬೆಲೆ ಕಟ್ಟುವವರು ಯಾರು?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಹೇಳುವುದು ಮಕ್ಕಳ ವಿಷಯದಲ್ಲಿ. ಆದರೆ ಅದು ನಾಟುವುದು ದೊಡ್ಡವರಿಗೆ. ಬಿ.ಕಾಂ. ಮುಗಿದ ಕೂಡಲೇ ಸಿಕ್ಕಿದ ಕೆಲಸ ಹಿಡಿದು, ಸಹಕಾರ ಸಂಘದಲ್ಲೋ ಕಾರ್ಖಾನೆಯಲ್ಲೋ ಹದಿನೈದಿಪ್ಪತ್ತು ವರ್ಷ ಲೆಕ್ಕ ಬರೆದವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಮಾರ್ಚ್ ಕೊನೆಯ ಲೆಕ್ಕ ಮುಗಿಸುವುದು, ಆಡಿಟ್ ಆಕ್ಷೇಪಣೆಗೆ ಉತ್ತರ ಬರೆಯುವುದು ಇವರಿಗೆ ನೀರು ಕುಡಿದಷ್ಟು ಸಲೀಸು. ಹೀಗಿದ್ದೂ ಒಂದು ದಿನ ಮೇಲಿನ ಕುರ್ಚಿಗೆ ಹತ್ತು ವರ್ಷ ಚಿಕ್ಕವರೊಬ್ಬರು ಬಂದು ಕೂರುತ್ತಾರೆ. ಕಾರಣ ಕೇಳಿದರೆ, ‘ಅವರದು ಎಂ.ಕಾಂ. ಆಗಿದೆ’ ಎಂಬ ಉತ್ತರ ಸಿಗುತ್ತದೆ.

ಆ ರಾತ್ರಿ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಈಗ ಓದಬೇಕೆ? ಎರಡು ವರ್ಷದ ಶುಲ್ಕ, ಪುಸ್ತಕ, ಪರೀಕ್ಷೆಗೆ ರಜೆ, ಮಗಳ ಕಾಲೇಜು, ಮನೆಸಾಲದ ಕಂತು ಎಲ್ಲವೂ ಒಂದರ ಮೇಲೊಂದು ಕಣ್ಣೆದುರಿಗೆ ಬರುತ್ತವೆ. ಕಚೇರಿಯ ಕೋಟಿ ರೂಪಾಯಿ ವ್ಯವಹಾರವನ್ನು ಪೈಸೆಗೆ ಪೈಸೆ ತಾಳೆ ಹಾಕುವವರಿಗೆ ತಮ್ಮದೇ ಬದುಕಿನ ಈ ಒಂದು ನಮೂದನ್ನು ಜಮೆಗೆ ಹಾಕಬೇಕೋ ಖರ್ಚಿಗೆ ಹಾಕಬೇಕೋ ತಿಳಿಯುವುದಿಲ್ಲ.

ಇದು ಒಬ್ಬರ ಮನೆಯ ಸಮಸ್ಯೆಯಂತೆ ಕಂಡರೂ ಇದರ ಹಿಂದೆ ದೀರ್ಘವಾದ ಚರಿತ್ರೆಯಿದೆ. ಲೆಕ್ಕ ಬರೆಯುವ ವಿದ್ಯೆ ಅಂಗಡಿಯ ಗದ್ದುಗೆಯಿಂದ ಪರೀಕ್ಷಾ ಕೊಠಡಿಗೆ, ಅಲ್ಲಿಂದ ವಿಶ್ವವಿದ್ಯಾನಿಲಯಕ್ಕೆ ಸಾಗಿದ ಪ್ರತಿ ಹಂತದಲ್ಲೂ ಆಗಲೇ ಕೆಲಸದಲ್ಲಿದ್ದವರು ಇದೇ ಪ್ರಶ್ನೆಯನ್ನು ಎದುರಿಸಿದ್ದಾರೆ. ಆ ಚರಿತ್ರೆಯನ್ನು ಓದಿದರೆ ನಲವತ್ತರ ಲೆಕ್ಕಿಗನಿಗೆ, ಲೆಕ್ಕಿಗಳಿಗೆ ಒಂದು ದಾರಿ ಕಂಡೀತು.

ಕಡತ ಕಲಿಸಿದ ವಿದ್ಯೆ

ಇಂದು ಸರ್ಕಾರಿ ಕಚೇರಿಯ ಫೈಲಿಗೆ ನಾವು ‘ಕಡತ’ ಎನ್ನುತ್ತೇವೆ. ಮೂಲತಃ ಕಡತವೆಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಹಲಗೆಯಂತೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ ಇಡುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಬರೆದು, ಬೇಡವಾದಾಗ ಅಳಿಸಿ ಮತ್ತೆ ಬರೆಯಬಹುದಿತ್ತು. ಹಳ್ಳಿಯ ಶಾನುಭೋಗರ ಭೂಮಿಯ ಲೆಕ್ಕ, ಕಂದಾಯದ ಬಾಕಿ, ವರ್ತಕರ ಕೊಡು-ಕೊಳ್ಳುವ ಲೆಕ್ಕ ಎಲ್ಲವೂ ಕಡತದಲ್ಲಿರುತ್ತಿದ್ದವು.

ಹಳೆಯ ಶಾಸನಗಳಲ್ಲಿ ‘ಸೇನಬೋವ’ ಎಂದು ಕಾಣಿಸುವ ಲೆಕ್ಕಿಗನೇ ಮುಂದೆ ‘ಶಾನುಭೋಗ’ನಾದ. ಬಸವಣ್ಣನವರು ಬಿಜ್ಜಳನ ಆಡಳಿತದಲ್ಲಿ ಕರಣಿಕರಾಗಿ ಸೇರಿ ಭಂಡಾರಿಯ ಪದವಿಗೆ ಏರಿದರೆಂದು ಪರಂಪರೆ ಹೇಳುತ್ತದೆ. ಲೆಕ್ಕ ಬಲ್ಲವನು ಕೆಲಸದ ಮೂಲಕವೇ ಮೇಲೆ ಬರಬಹುದೆಂಬ ನಂಬಿಕೆ ಆ ಕಥೆಯೊಳಗಿದೆ. ವ್ಯವಹಾರದ ಗಣಿತಕ್ಕೆ ಕನ್ನಡದಲ್ಲಿ ಪುಸ್ತಕವೂ ಇತ್ತು. 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದ. ಆದರೆ ವಿದ್ಯೆ ಹೆಚ್ಚಾಗಿ ಕೈಯಿಂದ ಕೈಗೆ ದಾಟಿತು. ತಂದೆಯ ಪಕ್ಕದಲ್ಲಿ ಕುಳಿತು ಮಗ ಕಲಿತ. ಸಾಹುಕಾರರ ಅಂಗಡಿಯಲ್ಲಿ ಹಿರಿಯ ಗುಮಾಸ್ತನ ಕಣ್ಣಳತೆಯಲ್ಲಿ ಕಿರಿಯ ಗುಮಾಸ್ತ ಪಳಗಿದ. ಕಿರ್ದಿ ಬರೆಯುವುದು, ಖಾತೆಗೆ ಏರಿಸುವುದು, ವರ್ಷಕ್ಕೊಮ್ಮೆ ಮೊತ್ತ ಎಳೆಯುವುದು ಇವೆಲ್ಲಕ್ಕೂ ಪರೀಕ್ಷೆ ಇರಲಿಲ್ಲ. ಲೆಕ್ಕ ತಪ್ಪಿದರೆ ಕೆಲಸ ಹೋಗುತ್ತಿತ್ತು. ಅದೇ ಪರೀಕ್ಷೆ.

ಈ ಪದ್ಧತಿಯ ಗುಣವನ್ನು ಹೇಳುವಾಗ ದೋಷವನ್ನು ಮರೆಯಬಾರದು. ಶಾನುಭೋಗಿಕೆ ವಂಶಪಾರಂಪರ್ಯವಾಗಿತ್ತು. ಇತರರ ಮಕ್ಕಳು ಎಷ್ಟೇ ಜಾಣರಾದರೂ ಊರ ಲೆಕ್ಕ ಅವರ ಕೈಗೆ ಬರುತ್ತಿರಲಿಲ್ಲ. ತನ್ನ ಹೆಸರಿನಲ್ಲಿ ಏನು ಬರೆದಿದೆ ಎಂದು ಓದಲಾರದ ರೈತ ಬರೆದವರ ದಯೆಯಲ್ಲಿರಬೇಕಾಗಿತ್ತು. ಮೈಸೂರು ರಾಜ್ಯ 1961ರಲ್ಲಿ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನ ಮಾಡಿ, 1963ರಲ್ಲಿ ಜಾರಿಗೆ ತಂದಾಗ ಶತಮಾನಗಳ ಈ ಏರ್ಪಾಟು ಮುಗಿಯಿತು. ಹುಟ್ಟಿನಿಂದ ಬಂದ ಶಾನುಭೋಗನ ಜಾಗಕ್ಕೆ ವಿದ್ಯಾರ್ಹತೆ ನೋಡಿ ನೇಮಿಸಿದ ಗ್ರಾಮ ಲೆಕ್ಕಿಗ ಬಂದ. ಕಾಗದದ ಅರ್ಹತೆಯನ್ನು ನಾವು ಬೈಯುವಾಗ, ಅದೇ ಕಾಗದ ಎಷ್ಟೋ ಮನೆತನಗಳಿಗೆ ಮೊದಲ ಬಾರಿ ಕಚೇರಿಯ ಬಾಗಿಲು ತೆರೆಯಿತೆಂಬುದನ್ನೂ ನೆನೆಯಬೇಕು.

ವೆನಿಸಿನಿಂದ ಎಡಿನ್‌ಬರೋಗೆ

ಇಂದು ಕಾಲೇಜಿನಲ್ಲಿ ಕಲಿಸುವ ದ್ವಿನಮೂದು ಪದ್ಧತಿ, ಅಂದರೆ ಪ್ರತಿ ವ್ಯವಹಾರವನ್ನೂ ಒಂದು ಖಾತೆಗೆ ಖರ್ಚು, ಇನ್ನೊಂದಕ್ಕೆ ಜಮೆ ಎಂದು ಎರಡು ಕಡೆ ಬರೆಯುವ ಕ್ರಮ, ಇಟಲಿಯ ವ್ಯಾಪಾರಿ ನಗರಗಳಲ್ಲಿ ಬೆಳೆದದ್ದು. ಅದನ್ನು ಮುದ್ರಿತ ಪುಸ್ತಕದಲ್ಲಿ ಮೊದಲು ವಿವರಿಸಿದವನು ಫ್ರಾನ್ಸಿಸ್ಕನ್ ಸಂನ್ಯಾಸಿ, ಗಣಿತಜ್ಞ ಲೂಕಾ ಪಾಚೋಲಿ. 1494ರಲ್ಲಿ ವೆನಿಸಿನಲ್ಲಿ ಅಚ್ಚಾದ ಅವನ ಗಣಿತಗ್ರಂಥದಲ್ಲಿ ಲೆಕ್ಕ ಬರೆಯುವ ಕ್ರಮಕ್ಕೇ ಒಂದು ಭಾಗವಿದೆ. ಅವನು ಅದನ್ನು ವಿದ್ವಾಂಸರ ಲ್ಯಾಟಿನ್ನಿನಲ್ಲಿ ಬರೆಯದೆ ಜನರಾಡುವ ಇಟಾಲಿಯನ್ ಭಾಷೆಯಲ್ಲಿ ಬರೆದ. ಪದ್ಧತಿಯೂ ಅವನು ಹುಟ್ಟುಹಾಕಿದ್ದಲ್ಲ. ವೆನಿಸಿನ ವರ್ತಕರು ಅದಾಗಲೇ ನಡೆಸಿಕೊಂಡು ಬಂದಿದ್ದನ್ನು ಅವನು ಕ್ರಮವಾಗಿ ಬರೆದಿಟ್ಟ. ಅಂಗಡಿ ಮೊದಲು, ಪಠ್ಯ ಆಮೇಲೆ. ಲೆಕ್ಕಶಾಸ್ತ್ರದ ಚರಿತ್ರೆಯಲ್ಲಿ ಈ ಕ್ರಮ ಮತ್ತೆ ಮತ್ತೆ ಕಾಣುತ್ತದೆ.

ಮುಂದಿನ ಮೂರೂವರೆ ಶತಮಾನ ಲೆಕ್ಕ ಬರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಂಪೆನಿಗಳು ಹುಟ್ಟಿದವು. ಹಣ ಹೂಡಿದವರು ಒಂದು ಕಡೆ, ವ್ಯವಹಾರ ನಡೆಸುವವರು ಇನ್ನೊಂದು ಕಡೆ. ನಡುವೆ ನಂಬಿಕೆಯ ಮಾತು ಹೇಳುವ ಮೂರನೆಯವರು ಬೇಕಾದರು. ಯಾರನ್ನು ನಂಬುವುದು? ಎಡಿನ್‌ಬರೋ ನಗರದ ಲೆಕ್ಕಿಗರು ಸಂಘ ಕಟ್ಟಿ 1854ರಲ್ಲಿ ರಾಣಿಯ ಸನ್ನದು ಪಡೆದರು. ಆ ಸನ್ನದಿನ ಇಂಗ್ಲಿಷ್ ಹೆಸರು ‘ಚಾರ್ಟರ್’. ಅದರಿಂದಲೇ ‘ಚಾರ್ಟರ್ಡ್ ಅಕೌಂಟೆಂಟ್’ ಎಂಬ ಹೆಸರು ಬಂತು. ಇಂಗ್ಲೆಂಡಿನ ಸಂಸ್ಥೆಗೆ ಸನ್ನದು ಸಿಕ್ಕಿದ್ದು 1880ರಲ್ಲಿ.

ಈ ಸಂಸ್ಥೆಗಳು ವಿಶ್ವವಿದ್ಯಾನಿಲಯದ ಪದವಿ ಕೇಳಲಿಲ್ಲ. ಹಿರಿಯ ಲೆಕ್ಕಪರಿಶೋಧಕರ ಬಳಿ ಕರಾರು ಬರೆದುಕೊಟ್ಟು ವರ್ಷಗಟ್ಟಲೆ ದುಡಿದು, ಆಮೇಲೆ ಪರೀಕ್ಷೆ ಪಾಸಾಗಬೇಕಿತ್ತು. ಇಂಗ್ಲೆಂಡಿನಲ್ಲಿ ಹಾಗೆ ಸೇರಲು ಗುರುವಿಗೇ ದೊಡ್ಡ ಮೊತ್ತವನ್ನು ‘ಪ್ರೀಮಿಯಂ’ ಎಂದು ಕೊಡಬೇಕಿತ್ತು. ದುಡಿದವನಿಗೆ ಸಂಬಳವಿಲ್ಲ, ದುಡಿಸಿಕೊಂಡವನಿಗೆ ಹಣ! ಹೀಗಾಗಿ ಆ ಬಾಗಿಲು ಹೆಚ್ಚಾಗಿ ಉಳ್ಳವರ ಹದಿಹರೆಯದ ಮಕ್ಕಳಿಗೆ ತೆರೆದಿತ್ತು. ಹೆಂಡತಿ ಮಕ್ಕಳಿರುವ ಮೂವತ್ತೈದರ ಗುಮಾಸ್ತ ಎಷ್ಟೇ ನಿಪುಣನಾದರೂ ಹೊರಗೇ ನಿಂತ.

ಭಾಷೆಗೊಂದು ಸರ್ಟಿಫಿಕೇಟು

ಭಾರತದಲ್ಲಿ ಈ ಬಾಗಿಲನ್ನು ಕಟ್ಟಿದ್ದು 1913ರ ಕಂಪೆನಿ ಶಾಸನ. ಕಂಪೆನಿಯ ಲೆಕ್ಕ ಪರಿಶೋಧಿಸುವವರಿಗೆ ಸರ್ಕಾರದ ಸರ್ಟಿಫಿಕೇಟ್ ಇರಬೇಕೆಂದು ಅದು ವಿಧಿಸಿತು. ಪ್ರಾಂತ ಸರ್ಕಾರಗಳು ಎರಡು ಬಗೆಯ ಸರ್ಟಿಫಿಕೇಟು ಕೊಡುತ್ತಿದ್ದವು. ಒಂದು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಸಲ್ಲುವಂಥದ್ದು. ಇನ್ನೊಂದು ಸೀಮಿತವಾದದ್ದು: ಅದನ್ನು ಪಡೆದವರು ಆ ಪ್ರಾಂತದೊಳಗೆ, ಸರ್ಟಿಫಿಕೇಟಿನಲ್ಲಿ ಹೆಸರಿಸಿದ ಭಾಷೆಯಲ್ಲಿ ಮಾತ್ರ ಕೆಲಸ ಮಾಡಬಹುದಿತ್ತು.

ಈ ಎರಡನೆಯ ಬಗೆ ಗಮನಿಸಬೇಕಾದದ್ದು. ದೊಡ್ಡ ಬಾಗಿಲಿನ ಪಕ್ಕದಲ್ಲಿ ದೇಶಭಾಷೆಯ ಲೆಕ್ಕಕ್ಕಾಗಿ ಒಂದು ಸಣ್ಣ ಬಾಗಿಲೂ ಇತ್ತೆಂದು ಇದರ ಅರ್ಥ. ಆಗ ಧಾರವಾಡ, ಬಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತದಲ್ಲಿದ್ದವು. ಮಂಗಳೂರು, ಬಳ್ಳಾರಿಗಳು ಮದರಾಸು ಪ್ರಾಂತದಲ್ಲಿದ್ದವು. ಆದರೆ ಆ ಸಣ್ಣ ಬಾಗಿಲು ಬಹಳ ದಿನ ತೆರೆದಿರಲಿಲ್ಲ. 1920ರಲ್ಲಿ ಸೀಮಿತ ಸರ್ಟಿಫಿಕೇಟು ಕೊಡುವುದನ್ನು ನಿಲ್ಲಿಸಲಾಯಿತು.

ಅದಕ್ಕೆ ಮೊದಲೇ, 1913ರಲ್ಲಿ, ಮುಂಬಯಿಯಲ್ಲಿ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು ಆರಂಭವಾಗಿತ್ತು. 1918ರಲ್ಲಿ ಮುಂಬಯಿ ಸರ್ಕಾರ ಜಿ.ಡಿ.ಎ. ಎಂದು ಹೆಸರಾದ ಲೆಕ್ಕಶಾಸ್ತ್ರದ ಡಿಪ್ಲೊಮಾ ತಂದಿತು. ಪರೀಕ್ಷೆಯ ಜೊತೆಗೆ, ಅನುಮೋದಿತ ಲೆಕ್ಕಪರಿಶೋಧಕರ ಬಳಿ ಮೂರು ವರ್ಷದ ತರಬೇತಿಯೂ ಕಡ್ಡಾಯ. 1932ರ ನಿಯಮಗಳು ಬಂದ ಮೇಲೆ ಅರ್ಹರಿಗೆ ‘ರಿಜಿಸ್ಟರ್ಡ್ ಅಕೌಂಟೆಂಟ್’ ಎಂಬ ಹೆಸರು ಸಿಕ್ಕಿತು.

ಬಾಗಿಲು ಕಾಯುವವರ ಶಕ್ತಿ ಎಂಥದು, ಅದಕ್ಕೆ ಎದುರು ನಿಲ್ಲುವುದು ಹೇಗೆ ಎಂಬುದಕ್ಕೆ ಆರ್. ಶಿವಭೋಗಂ ಅವರ ಬದುಕು ಸಾಕ್ಷಿ. ಮದರಾಸಿನ ಈ ಹೆಣ್ಣುಮಗಳು ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಜಿ.ಡಿ.ಎ. ಪರೀಕ್ಷೆ ಪಾಸು ಮಾಡಿ 1933ರಲ್ಲಿ ದೇಶದ ಮೊದಲ ಮಹಿಳಾ ಲೆಕ್ಕಪರಿಶೋಧಕಿ ಎನಿಸಿದರು. ಆದರೆ ಸೆರೆಮನೆಗೆ ಹೋದವರನ್ನು ವೃತ್ತಿಗೆ ಸೇರಿಸಿಕೊಳ್ಳಬಾರದೆಂಬ ನಿಯಮ ಅಡ್ಡ ಬಂತು. ಅವರು ನ್ಯಾಯಾಲಯದ ಮೊರೆಹೋಗಿ ಗೆದ್ದರು. ಅವರ ವಿದ್ಯೆಯಲ್ಲಿ ಕೊರತೆ ಇರಲಿಲ್ಲ, ಕಾಗದದಲ್ಲೂ ಇರಲಿಲ್ಲ. ಬಾಗಿಲು ಮಾತ್ರ ಮುಚ್ಚಿತ್ತು. ಮುಂದೆ 1955ರಿಂದ 1958ರವರೆಗೆ ಅದೇ ವೃತ್ತಿಯ ದಕ್ಷಿಣ ಭಾರತ ಪ್ರಾದೇಶಿಕ ಮಂಡಳಿಗೆ ಅವರೇ ಅಧ್ಯಕ್ಷರಾದರು.

ಸ್ವತಂತ್ರ ಭಾರತ 1949ರಲ್ಲಿ ಚಾರ್ಟರ್ಡ್ ಅಕೌಂಟೆಂಟ್ಸ್ ಶಾಸನ ತಂದಿತು. ಜುಲೈ 1ರಂದು ಅದು ಜಾರಿಗೆ ಬಂತು. ಹೊಸ ಸಂಸ್ಥೆ ಕಟ್ಟುವಾಗ ಹಳಬರನ್ನು ಹೊರಗೆ ನಿಲ್ಲಿಸಲಿಲ್ಲ ಎಂಬುದು ಆ ಶಾಸನದ ದೊಡ್ಡತನ. ಆಗ ರಿಜಿಸ್ಟರ್ಡ್ ಅಕೌಂಟೆಂಟ್ ಆಗಿದ್ದವರನ್ನೂ, ಸೀಮಿತ ಸರ್ಟಿಫಿಕೇಟು ಹೊಂದಿದ್ದವರನ್ನೂ ಸದಸ್ಯತ್ವಕ್ಕೆ ಅರ್ಹರೆಂದು ಅದು ಒಪ್ಪಿತು. ಆದರೆ ಆ ದಿನದ ನಂತರ ಕಂಪೆನಿಯ ಲೆಕ್ಕಕ್ಕೆ ಪರಿಶೋಧಕರ ಸಹಿ ಹಾಕುವ ಅಧಿಕಾರ ಒಂದೇ ಬಾಗಿಲಿನ ಮೂಲಕ ಬರುವಂತಾಯಿತು. ಬಿ.ಕಾಂ. ಆಗಲಿ ಎಂ.ಕಾಂ. ಆಗಲಿ ಆ ಸಹಿಗೆ ಸಮನಲ್ಲ. ಇಂದಿಗೂ ಇದು ಹೀಗೇ ಇದೆ.

ಸಂಜೆಯ ತರಗತಿ, ಅಂಚೆಯ ಪಾಠ

ಹಾಗಾದರೆ ಕೆಲಸದಲ್ಲಿದ್ದವರು ಏನು ಮಾಡಿದರು? ಸಿ.ಎ. ಓದಲು ಪೂರ್ಣಕಾಲದ ತರಬೇತಿ ಬೇಕು. ದೀರ್ಘಕಾಲ ಮೂರು ವರ್ಷವಿದ್ದ ಈ ಅವಧಿಯನ್ನು 2023ರ ಹೊಸ ವ್ಯವಸ್ಥೆಯಲ್ಲಿ ಎರಡು ವರ್ಷಕ್ಕೆ ಇಳಿಸಲಾಗಿದೆ. ಎರಡಾದರೂ ಸರಿಯೇ, ಸಂಸಾರವಂದಿಗನು ಸಂಬಳ ಬಿಟ್ಟು ಅಲ್ಪ ಭತ್ಯೆಗೆ ಕೂರುವುದು ಸುಲಭವಲ್ಲ. ಹಾಗಾಗಿ ನೌಕರರು ಬೇರೆ ದಾರಿಗಳನ್ನು ಹಿಡಿದರು. ಕಾರ್ಖಾನೆಯಲ್ಲಿದ್ದವರು ವೆಚ್ಚ ಲೆಕ್ಕಶಾಸ್ತ್ರದ ಕಡೆ ಹೊರಳಿದರು. 1944ರಲ್ಲಿ ಹುಟ್ಟಿದ ಆ ಸಂಸ್ಥೆಗೆ 1959ರಲ್ಲಿ ಶಾಸನದ ಬಲ ಬಂತು, ಐ.ಸಿ.ಡಬ್ಲ್ಯು.ಎ. ಎಂಬ ಹೆಸರಿನಲ್ಲಿ ಅದು ಒಂದು ಪೀಳಿಗೆಗೆ ಪರಿಚಿತ.

ಬ್ಯಾಂಕಿನವರ ದಾರಿ ಇನ್ನೂ ನೇರ. ನಮ್ಮ ಕರಾವಳಿಯೇ ಬ್ಯಾಂಕುಗಳ ತವರು. ಕೆನರಾ, ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಅಲ್ಲಿ ಹುಟ್ಟಿದವು. ಅಲ್ಲಿಂದ ದೇಶದ ಮೂಲೆ ಮೂಲೆಗೆ ವರ್ಗವಾಗಿ ಹೋದ ಗುಮಾಸ್ತರು ಟ್ರಂಕಿನಲ್ಲಿ ಬಟ್ಟೆಯ ಜೊತೆ ಸಿ.ಎ.ಐ.ಐ.ಬಿ. ಪುಸ್ತಕಗಳನ್ನೂ ಒಯ್ದರು. 1928ರಲ್ಲಿ ಸ್ಥಾಪನೆಯಾದ ಬ್ಯಾಂಕರುಗಳ ಸಂಸ್ಥೆ ನಡೆಸುವ ಈ ಪರೀಕ್ಷೆ ಕೆಲಸದಲ್ಲಿದ್ದವರಿಗೆಂದೇ ಇರುವಂಥದು. ಪಾಸಾದರೆ ಹೆಚ್ಚುವರಿ ವೇತನ ಬಡ್ತಿ ಎಂದು ನೌಕರರ ಒಪ್ಪಂದದಲ್ಲೇ ಬರೆದಿರುತ್ತಿತ್ತು. ಓದಿಗೆ ಎಷ್ಟು ಖರ್ಚು, ಎಷ್ಟು ಜಮೆ ಎಂಬುದು ಅರ್ಜಿ ಹಾಕುವ ಮೊದಲೇ ಗೊತ್ತು.

ಸರ್ಕಾರಿ ನೌಕರರಿಗೂ ಹೀಗೆಯೇ ಇಲಾಖಾ ಪರೀಕ್ಷೆಗಳಿವೆ. ಕರ್ನಾಟಕ ಲೋಕಸೇವಾ ಆಯೋಗ ನಡೆಸುವ ‘ಅಕೌಂಟ್ಸ್ ಲೋಯರ್’, ‘ಅಕೌಂಟ್ಸ್ ಹೈಯರ್’ ಪರೀಕ್ಷೆಗಳ ಹೆಸರು ಕೇಳಿದರೆ ಸಾಕು, ಹಿರಿಯ ಗುಮಾಸ್ತರ ಮುಖದಲ್ಲಿ ಒಂದು ನಗೆಯೋ ನಿಟ್ಟುಸಿರೋ ಮೂಡುತ್ತದೆ. ಮಹಾಲೇಖಪಾಲರ ಕಚೇರಿಯಲ್ಲಿ ಎಸ್.ಎ.ಎಸ್. ಪರೀಕ್ಷೆ ಪಾಸಾದವರಿಗೂ ಆಗದವರಿಗೂ ಇದ್ದ ಅಂತರವನ್ನು ಆ ಕಚೇರಿ ಕಂಡವರು ಬಲ್ಲರು.

ವಿಶ್ವವಿದ್ಯಾನಿಲಯದ ಪದವಿ ಕೆಲಸದಲ್ಲಿದ್ದವರ ಕೈಗೆ ಎಟುಕಿದ್ದು ಎರಡು ಏರ್ಪಾಟುಗಳಿಂದ. ಒಂದು ಸಂಜೆ ಕಾಲೇಜು. ಇನ್ನೊಂದು ಅಂಚೆಯ ಮೂಲಕ ಶಿಕ್ಷಣ. ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅದೇ ಹಾದಿ ಹಿಡಿಯಿತು. ತಿಂಗಳಿಗೊಮ್ಮೆ ಅಂಚೆಯಣ್ಣ ತರುತ್ತಿದ್ದ ಪಾಠದ ಕಟ್ಟು ಎಷ್ಟೋ ಶಾಲಾ ಮಾಸ್ತರರನ್ನು, ಗುಮಾಸ್ತರನ್ನು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳನ್ನು ಪದವೀಧರರನ್ನಾಗಿ ಮಾಡಿತು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಬಂತು. 1996ರಲ್ಲಿ ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ಅದೇ ವಿಶ್ವವಿದ್ಯಾನಿಲಯದ ಮುಂದಿನ ಕಥೆಯಲ್ಲಿ ಒಂದು ಪಾಠವಿದೆ. 2012-13ರ ನಂತರ ಅದಕ್ಕೆ ಮಾನ್ಯತೆ ಇಲ್ಲವೆಂದು 2015ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಪ್ರಕಟಿಸಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ಈ ನಡುವೆ ಶುಲ್ಕ ಕಟ್ಟಿ, ನಿದ್ದೆಗೆಟ್ಟು ಓದಿದವರ ತಲೆಯೊಳಗಿನ ವಿದ್ಯೆ ಒಂದಿಷ್ಟೂ ಕಡಿಮೆಯಾಗಲಿಲ್ಲ. ಅವರ ಕೈಯಲ್ಲಿದ್ದ ಕಾಗದಕ್ಕೆ ಮಾತ್ರ ಬೆಲೆ ಇದೆಯೋ ಇಲ್ಲವೋ ಎಂಬ ಆತಂಕ ಹುಟ್ಟಿತು. ವಿದ್ಯೆಯ ಬೆಲೆಯೂ ಪದವಿಪತ್ರದ ಬೆಲೆಯೂ ಬೇರೆ ಬೇರೆ ಎಂಬುದು ಇದಕ್ಕಿಂತ ಸ್ಪಷ್ಟವಾಗಿ ಕಂಡ ಸಂದರ್ಭ ಕಡಿಮೆ.

ಅಮೆರಿಕದ ಐದನೆಯ ವರ್ಷ

ಲೆಕ್ಕಶಾಸ್ತ್ರದ ಸ್ನಾತಕೋತ್ತರ ಓದಿನ ಕಡೆಗೆ ಎಲ್ಲರಿಗಿಂತ ಬಲವಾಗಿ ತಳ್ಳಿದ ದೇಶ ಅಮೆರಿಕ. ಅಲ್ಲಿ ನಮ್ಮ ಸಿ.ಎ.ಗೆ ಹತ್ತಿರವಾದದ್ದು ಸಿ.ಪಿ.ಎ.; ಅದಕ್ಕೆ ಮೊದಲ ಶಾಸನ ಮಾಡಿದ್ದು ನ್ಯೂಯಾರ್ಕ್ ರಾಜ್ಯ, 1896ರಲ್ಲಿ. ನಾಲ್ಕು ವರ್ಷಗಳ ನಂತರ, ಅಲ್ಲಿನ ಲೆಕ್ಕಪರಿಶೋಧಕರ ಒತ್ತಾಸೆಯಿಂದ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ವಾಣಿಜ್ಯ ಮತ್ತು ಲೆಕ್ಕಶಾಸ್ತ್ರದ ಶಾಲೆ ತೆರೆಯಿತು. ಅದು ಸಂಜೆಯ ಶಾಲೆ. ಹಗಲೆಲ್ಲ ಕಚೇರಿಯಲ್ಲಿ ದುಡಿದವರು ಸಂಜೆ ಬಂದು ಪಾಠ ಕೇಳುತ್ತಿದ್ದರು. ಅಂದರೆ ಅಮೆರಿಕದ ಲೆಕ್ಕಶಾಸ್ತ್ರದ ಶಿಕ್ಷಣ ಆರಂಭದಲ್ಲಿ ಕೆಲಸದಲ್ಲಿರುವವರ ಶಿಕ್ಷಣವೇ ಆಗಿತ್ತು.

ಕಾಲ ಕಳೆದಂತೆ ವೃತ್ತಿಯವರಿಗೆ ತಮ್ಮ ಅಂತಸ್ತು ವೈದ್ಯರಂತೆ, ವಕೀಲರಂತೆ ಏರಬೇಕೆನಿಸಿತು. ಅದಕ್ಕೆ ಹೆಚ್ಚು ವರ್ಷದ ಓದು ಬೇಕೆಂಬ ವಾದ ಬೆಳೆಯಿತು. ಸಾಮಾನ್ಯ ಪದವಿಗೆ ಅಲ್ಲಿ 120 ಗಂಟೆಗಳ ಲೆಕ್ಕ, ಸಿ.ಪಿ.ಎ. ಆಗಲು 150 ಗಂಟೆ ಬೇಕೆಂಬ ನಿಯಮವನ್ನು 1983ರಲ್ಲಿ ಫ್ಲಾರಿಡಾ ಜಾರಿಗೆ ತಂದಿತು. 1988ರಲ್ಲಿ ದೇಶದ ಲೆಕ್ಕಪರಿಶೋಧಕರ ಸಂಸ್ಥೆ ಇದನ್ನೇ ತನ್ನ ನೀತಿಯಾಗಿ ಒಪ್ಪಿತು. ಒಂದೊಂದಾಗಿ ಎಲ್ಲ ರಾಜ್ಯಗಳೂ ಅನುಸರಿಸಿದವು. ಹೆಚ್ಚುವರಿ 30 ಗಂಟೆಯೆಂದರೆ ಸರಿಸುಮಾರು ಒಂದು ವರ್ಷದ ಓದು. ಹೇಗೂ ಐದನೆಯ ವರ್ಷ ಓದಬೇಕು, ಓದುವುದಾದರೆ ಸ್ನಾತಕೋತ್ತರ ಪದವಿಯನ್ನೇ ಪಡೆಯೋಣ ಎಂದು ಬಹಳ ಮಂದಿ ಅತ್ತ ಹೊರಳಿದರು.

ಮುಂದೇನಾಯಿತು? ಒಂದು ವರ್ಷದ ಹೆಚ್ಚಿನ ಶುಲ್ಕ, ಒಂದು ವರ್ಷದ ಸಂಬಳದ ನಷ್ಟ. ವೃತ್ತಿಗೆ ಬರುವ ಹೊಸಬರ ಸಂಖ್ಯೆ ಇಳಿಯತೊಡಗಿದಾಗ ಇದನ್ನೂ ಒಂದು ಕಾರಣವೆಂದು ಹೇಳಲಾಯಿತು. 2025ರಲ್ಲಿ ಒಹಾಯೊ, ಯೂಟಾ ಸೇರಿದಂತೆ ಹಲವು ರಾಜ್ಯಗಳು ಶಾಸನ ಬದಲಿಸಿ, ಪದವಿಯ ಜೊತೆಗೆ ಎರಡು ವರ್ಷದ ಅನುಭವವಿದ್ದರೆ ಸಾಕು, ಐದನೆಯ ವರ್ಷ ಕಡ್ಡಾಯವಲ್ಲ ಎಂದವು. ಪರೀಕ್ಷೆ ಮಾತ್ರ ಹಾಗೆಯೇ ಉಳಿಯಿತು. ನಲವತ್ತು ವರ್ಷ ಸುತ್ತಿ ಬಂದು ಕೊನೆಗೆ ಅನುಭವವೂ ಓದಿಗೆ ಸಮ ಎಂದು ಒಪ್ಪಿದಂತಾಯಿತು.

ಇದು ದೂರದ ಸುದ್ದಿಯಲ್ಲ. 2020ರಿಂದ ಸಿ.ಪಿ.ಎ. ಪರೀಕ್ಷೆಯನ್ನು ಭಾರತದಲ್ಲೇ ಬರೆಯಬಹುದು. ಅಮೆರಿಕದ ಕಂಪೆನಿಗಳ ಲೆಕ್ಕ ನೋಡುವ ಬೆಂಗಳೂರಿನ ಕಚೇರಿಗಳಲ್ಲಿ ಈ ಅರ್ಹತೆಗೆ ಬೇಡಿಕೆಯಿದೆ. ನಮ್ಮ ಮೂರು ವರ್ಷದ ಬಿ.ಕಾಂ. ಅವರ 150 ಗಂಟೆಯ ಅಳತೆಗೆ ಸಾಲದೆ ಬಂದಾಗ, ಕೊರತೆ ತುಂಬಲೆಂದೇ ಎಂ.ಕಾಂ. ಸೇರಿದವರಿದ್ದಾರೆ. ದೂರದ ರಾಜ್ಯವೊಂದರ ಶಾಸನ ಇಲ್ಲಿನ ಪದವಿಗೆ ಬೆಲೆ ತಂದಿತು. ಅದೇ ಶಾಸನ ಬದಲಾದರೆ ಆ ಬೆಲೆಯೂ ಬದಲಾಗುತ್ತದೆ.

ಖರ್ಚಿನ ಕಡೆ, ಜಮೆಯ ಕಡೆ

ಇಷ್ಟು ಚರಿತ್ರೆಯಿಂದ ನಾವು ತಿಳಿಯುವುದೇನು? ಲೆಕ್ಕದ ಪದವಿಗೆ ತನ್ನದೇ ಆದ ಸ್ಥಿರ ಬೆಲೆ ಎಂದೂ ಇರಲಿಲ್ಲ. ಅದರ ಹಿಂದೆ ಒಂದು ಶಾಸನವೋ, ನಿಯಮವೋ, ಒಪ್ಪಂದವೋ ನಿಂತಾಗ ಬೆಲೆ ಬಂತು. ಅದು ಸರಿದಾಗ ಹೋಯಿತು. ಆದ್ದರಿಂದ ನಡುವಯಸ್ಸಿನಲ್ಲಿ ಓದಲು ಹೊರಟವರು ಮೊದಲು ಕೇಳಬೇಕಾದದ್ದು ‘ಎಂ.ಕಾಂ. ಒಳ್ಳೆಯದೇ?’ ಎಂದಲ್ಲ. ‘ನಾನು ದಾಟಬೇಕೆಂದಿರುವ ಬಾಗಿಲು ಯಾವುದು, ಅದರ ಕೀಲಿ ಇದೇ ಏನು?’ ಎಂದು.

ಬಾಗಿಲು ಕಾಲೇಜು ಅಧ್ಯಾಪಕನ ಹುದ್ದೆಯಾದರೆ ಎಂ.ಕಾಂ. ಬೇಕೇ ಬೇಕು, ಶೇಕಡಾ 55 ಅಂಕಗಳ ಜೊತೆಗೆ ಎನ್.ಇ.ಟಿ. ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯೂ ಬೇಕು. ಕಂಪೆನಿಯ ಆಡಿಟ್ ವರದಿಗೆ ಸಹಿ ಹಾಕುವುದು ಗುರಿಯಾದರೆ ಎರಡು ಎಂ.ಕಾಂ. ಮಾಡಿದರೂ ಪ್ರಯೋಜನವಿಲ್ಲ. ಸರ್ಕಾರಿ ಕಚೇರಿಯ ಬಡ್ತಿಯಾದರೆ ಪದವಿಗಿಂತ ಮೊದಲು ಇಲಾಖಾ ಪರೀಕ್ಷೆಯ ನಿಯಮ ನೋಡಬೇಕು. ಖಾಸಗಿ ಕಂಪೆನಿಯಾದರೆ ಮೇಲಿನ ಹುದ್ದೆಗೆ ಎಂ.ಕಾಂ. ನಿಜವಾಗಿ ಕಡ್ಡಾಯವೇ, ಇಲ್ಲ ನಮ್ಮನ್ನು ಬಿಟ್ಟದ್ದಕ್ಕೆ ಹೇಳಿದ ಸಬೂಬೇ ಎಂದು ವಿಚಾರಿಸಬೇಕು. ಸೇವಾ ನಿಯಮಾವಳಿ, ಹಿಂದೆ ಬಡ್ತಿ ಪಡೆದವರ ಅರ್ಹತೆ, ವಿಶ್ವವಿದ್ಯಾನಿಲಯದ ಆ ವರ್ಷದ ಮಾನ್ಯತೆ, ಈ ಮೂರನ್ನು ಕಾಗದದಲ್ಲಿ ನೋಡದೆ ಶುಲ್ಕ ಕಟ್ಟಬಾರದು.

ಇನ್ನು ಖರ್ಚಿನ ಕಡೆ. ಶುಲ್ಕ ಎಲ್ಲರಿಗೂ ಕಾಣುತ್ತದೆ, ಕಾಣದಿರುವುದು ಸಮಯ. ದಿನಕ್ಕೆ 2 ಗಂಟೆ, ವಾರಕ್ಕೆ 5 ದಿನ, ವರ್ಷಕ್ಕೆ 40 ವಾರದಂತೆ ಎರಡು ವರ್ಷ ಓದಿದರೆ 800 ಗಂಟೆ. ಕಚೇರಿಯ 8 ಗಂಟೆಯ ಲೆಕ್ಕದಲ್ಲಿ ಪೂರ್ತಿ 100 ದಿನ. ಈ ನೂರು ದಿನ ಯಾರದೋ ಪಾಲಿನಿಂದ ಬರುತ್ತದೆ: ಮಕ್ಕಳ ಜೊತೆಗಿನ ಸಂಜೆಯಿಂದ, ವಯಸ್ಸಾದ ತಾಯಿಯ ಪಕ್ಕ ಕೂರುವ ಭಾನುವಾರದಿಂದ, ಇಲ್ಲವೇ ನಿದ್ದೆಯಿಂದ. ಹೆಣ್ಣುಮಕ್ಕಳ ವಿಷಯದಲ್ಲಿ ಅಡುಗೆಮನೆಯ ಗಂಟೆಗಳನ್ನು ಯಾರು ಹಂಚಿಕೊಳ್ಳುತ್ತಾರೆ ಎಂಬುದೂ ಇದೇ ಪಟ್ಟಿಗೆ ಸೇರಬೇಕು. ಜಮೆಯ ಕಡೆ ಉಳಿದ ಸೇವಾವಧಿಯನ್ನು ಎಣಿಸಬೇಕು. ಅರವತ್ತಕ್ಕೆ ನಿವೃತ್ತಿಯಾದರೆ, ನಲವತ್ತರಲ್ಲಿ ಸೇರಿ ನಲವತ್ತೆರಡರಲ್ಲಿ ಮುಗಿಸಿದವರಿಗೆ 18 ವರ್ಷ ಫಲ. ಐವತ್ತರಲ್ಲಿ ಸೇರಿದವರಿಗೆ 8 ವರ್ಷ. ಖರ್ಚು ಇಬ್ಬರಿಗೂ ಒಂದೇ.

ಇನ್ನೊಂದು ಮಾತು ಲೆಕ್ಕಶಾಸ್ತ್ರವೇ ಕಲಿಸಿದ್ದು: ಮರಳಿ ಬಾರದ ಹಣವನ್ನು ಮುಂದಿನ ನಿರ್ಧಾರಕ್ಕೆ ತರಬಾರದು. ‘ಇಷ್ಟು ವರ್ಷ ಇಲ್ಲೇ ಸವೆಸಿದ್ದೇನೆ, ಈಗ ಬಿಡುವುದೆಂತು’ ಎಂಬುದೂ, ‘ಒಂದು ವರ್ಷದ ಶುಲ್ಕ ಕಟ್ಟಿಯಾಗಿದೆ, ಇಷ್ಟವಿಲ್ಲದಿದ್ದರೂ ಮುಗಿಸಲೇಬೇಕು’ ಎಂಬುದೂ ಕಚೇರಿಯ ಪುಸ್ತಕದಲ್ಲಿ ಬಂದರೆ ಲೆಕ್ಕಿಗರೇ ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ಮಾತುಗಳು. ಮನೆಯ ಪುಸ್ತಕದಲ್ಲಿ ಮಾತ್ರ ಅವನ್ನು ಉಳಿಸಿಕೊಳ್ಳುತ್ತೇವೆ.

ಹಾಗೆಂದು ಎಲ್ಲವೂ ಬಡ್ತಿಯ ಲೆಕ್ಕವಲ್ಲ. 1907ರಲ್ಲಿ ಹಣಕಾಸು ಸೇವೆಯ ಪರೀಕ್ಷೆ ಗೆದ್ದು ಕಲ್ಕತ್ತೆಯಲ್ಲಿ ಸಹಾಯಕ ಮಹಾಲೇಖಪಾಲರಾದ ಯುವಕರೊಬ್ಬರು ಹತ್ತು ವರ್ಷ ಹಗಲು ಸರ್ಕಾರದ ಲೆಕ್ಕ ನೋಡಿ, ಕಚೇರಿಯ ಮೊದಲೂ ನಂತರವೂ ಪ್ರಯೋಗಶಾಲೆಯಲ್ಲಿ ದುಡಿದರು. 1917ರಲ್ಲಿ ಕಡಿಮೆ ಸಂಬಳಕ್ಕೆ ಒಪ್ಪಿ ಪ್ರಾಧ್ಯಾಪಕರಾದರು. ಆಗ ಅವರ ಬಳಿ ಇದ್ದದ್ದು ಎಂ.ಎ. ಮಾತ್ರ. ಮುಂದೆ ಬೆಂಗಳೂರನ್ನೇ ತಮ್ಮ ಊರು ಮಾಡಿಕೊಂಡ ಸಿ.ವಿ. ರಾಮನ್ ಅವರೇ ಆ ಯುವಕ. ಎಲ್ಲರೂ ರಾಮನ್ ಆಗುವುದಿಲ್ಲ ನಿಜ. ಆದರೆ ತಿಳಿಯುವ ಹಸಿವಿನಿಂದ ಓದುವವರಿಗೆ ಬಡ್ತಿಯ ನಿಯಮಾವಳಿಯನ್ನು ತೋರಿಸಿ ‘ಲಾಭವೇನು’ ಎಂದು ಕೇಳುವುದು ನ್ಯಾಯವಲ್ಲ. ಅವರು ಯಾವ ಹಂಬಲಕ್ಕೆ ಓದುತ್ತಿದ್ದೇವೆಂದು ತಮಗೆ ತಾವೇ ಸ್ಪಷ್ಟಪಡಿಸಿಕೊಂಡರೆ ಸಾಕು. ಹಂಬಲಕ್ಕೆ ಓದಿ, ಆಮೇಲೆ ಬಡ್ತಿ ಬರಲಿಲ್ಲವೆಂದು ಕೊರಗುವುದೇ ಎಲ್ಲಕ್ಕಿಂತ ದೊಡ್ಡ ನಷ್ಟ.

ಗಾದೆಯ ಮರದ ವಿಷಯಕ್ಕೆ ಬಂದರೆ, ಅಂಚೆಯ ಪಾಠ ಓದಿ ಪದವಿ ಪಡೆದ ಸಾವಿರಾರು ಗುಮಾಸ್ತರು ಅದಕ್ಕೆ ಎಂದೋ ಉತ್ತರ ಕೊಟ್ಟಿದ್ದಾರೆ. ಮರ ಬಗ್ಗುತ್ತದೆ. ಆದರೆ ಯಾವ ಕಡೆಗೆ ಬಗ್ಗಬೇಕೆಂಬುದನ್ನು ಬಗ್ಗುವ ಮೊದಲೇ ನೋಡಿಕೊಳ್ಳಬೇಕು. ಗಿಡಕ್ಕಾದರೆ ಮತ್ತೊಮ್ಮೆ ತಿರುಗಲು ಸಮಯವಿರುತ್ತದೆ; ಮರಕ್ಕೆ ಅಷ್ಟು ಇರುವುದಿಲ್ಲ.